ಕ್ಲೌಡ್ ಬ್ರೋಕರ್ ಸೇವೆ: ಯಾವ ಕೆಲಸಕ್ಕೆ ದುಡ್ಡು ಕೊಡಬಹುದು?

ಯಾವ ಕ್ಲೌಡ್ ಅಗ್ಗವೋ ನಿಮ್ಮ ಸಾಫ್ಟ್‌ವೇರನ್ನು ಅಲ್ಲಿಗೆ ಸಾಗಿಸುತ್ತೇವೆ ಎಂಬುದು ಬ್ರೋಕರ್‌ಗಳ, ಅಂದರೆ ಕ್ಲೌಡ್ ಕಂಪನಿಗೂ ಗ್ರಾಹಕರಿಗೂ ನಡುವಿನ ಮಧ್ಯವರ್ತಿಗಳ, ಹಳೆಯ ಭರವಸೆ. ಸಂದರ್ಭಕ್ಕೆ ತಕ್ಕಂತೆ ಸೇವೆ ಆರಿಸಿಕೊಡುವುದನ್ನು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲೇ ಬ್ರೋಕರ್‌ನ ಮೂರು ಕೆಲಸಗಳಲ್ಲಿ ಒಂದಾಗಿ ಗುರುತಿಸಿತ್ತು. ಇದೊಂದನ್ನೇ ನಂಬಿ ಸಹಿ ಹಾಕಬೇಡಿ. ಕಂಟೇನರ್ (ಸಾಫ್ಟ್‌ವೇರ್ ಮತ್ತು ಅದಕ್ಕೆ ಬೇಕಾದುದನ್ನೆಲ್ಲ ಕಟ್ಟಿಟ್ಟ ಪೊಟ್ಟಣ) ಸಲೀಸಾಗಿ ಸಾಗುತ್ತದೆ, ಡೇಟಾ ಹಾಗಲ್ಲ: ಹೊರಗೆ ಕಳಿಸುವ ಡೇಟಾಕ್ಕೆ ಜಿಬಿ ಲೆಕ್ಕದಲ್ಲಿ ಶುಲ್ಕವಿದೆ. ಜೊತೆಗೆ ಅನುಮತಿ ನಿಯಮ, ನೆಟ್‌ವರ್ಕ್ ಎರಡನ್ನೂ ಹೊಸದಾಗಿ ಬರೆಯಬೇಕು. ರೆಂಡರಿಂಗ್‌ನಂತೆ ಡೇಟಾಕ್ಕಿಂತ ಲೆಕ್ಕಾಚಾರವೇ ಹೆಚ್ಚಿರುವ ಬ್ಯಾಚ್ ಕೆಲಸಕ್ಕಾದರೆ ಸರಿ.

ಹಣ ಉಳಿಯುವುದು 1 ಅಥವಾ 3 ವರ್ಷದ ಬಳಕೆ ಒಪ್ಪಂದಗಳನ್ನು ಜಾಣತನದಿಂದ ನಿಭಾಯಿಸಿದಾಗ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಸೇವಿಂಗ್ಸ್ ಪ್ಲಾನ್ ಎಂಬ ಇಂಥ ಒಪ್ಪಂದದ ರಿಯಾಯಿತಿ ಶೇ. 72ರವರೆಗೂ ಹೋಗುತ್ತದೆ, ಆದರೆ ಬಳಸದ ಗಂಟೆಗೂ ಹಣ ಕಟ್ಟಬೇಕು. ಆದ್ದರಿಂದ ಕಳೆದ 60 ದಿನಗಳ ಗಂಟೆವಾರು ಬಳಕೆ ನೋಡಿ, ರಾತ್ರಿ, ರಜೆಯಲ್ಲೂ ಇಳಿಯದ ಕನಿಷ್ಠ ಮಟ್ಟಕ್ಕಷ್ಟೇ ಒಪ್ಪಂದ ಕೊಳ್ಳಲು ಹೇಳುವ ಬ್ರೋಕರ್‌ ಒಳ್ಳೆಯವರು. ಸರಾಸರಿ ಹಿಡಿದು ಕೊಳ್ಳಲು ಹೇಳುವವರು ನಷ್ಟ ತರುತ್ತಾರೆ. ಉಳಿತಾಯದಲ್ಲಿ ಪಾಲು ಕೇಳಿದರೆ, ಉಳಿತಾಯವನ್ನು ಯಾವ ದರಕ್ಕೆ ಹೋಲಿಸಿ ಎಣಿಸುತ್ತಾರೆಂದು ಬರಹದಲ್ಲಿ ಪಡೆಯಿರಿ. ಪೂರ್ತಿ ದರಕ್ಕೆ ಹೋಲಿಸಿದರೆ ನೀವು ಮೊದಲೇ ಕೊಂಡಿದ್ದ ಪ್ಲಾನ್‌ನ ರಿಯಾಯಿತಿಗೂ ಅವರಿಗೆ ಕಮಿಷನ್ ಹೋಗುತ್ತದೆ. ಈ ಸೇವೆಯಲ್ಲಿ ಗ್ರಾಹಕರು ಅತಿ ಹೆಚ್ಚು ಕಳೆದುಕೊಳ್ಳಬಹುದಾದ ಜಾಗ ಇದೇ.

ಪ್ರವೇಶ ಕೊಡುವಾಗ ಬಿಲ್ ಓದಲಷ್ಟೇ ಆಗುವ ರೋಲ್ (ತಾತ್ಕಾಲಿಕ ಪ್ರವೇಶದ ಅನುಮತಿ), ಬೇರೆಯವರು ಅದನ್ನು ಬಳಸದಂತೆ ತಡೆಯಲು ಅದಕ್ಕೊಂದು ಎಕ್ಸ್‌ಟರ್ನಲ್ ಐಡಿ ಸಾಕು. ಪಾಸ್‌ವರ್ಡ್‌ನಂತೆ ಸದಾ ಕೆಲಸ ಮಾಡುವ ಶಾಶ್ವತ ಆಕ್ಸೆಸ್ ಕೀ ಕೇಳಿದವರನ್ನು ಅಲ್ಲಿಗೇ ಬಿಡಿ.

ಮುಂದಿನ ವರ್ಷಗಳಲ್ಲಿ ಬ್ರೋಕರ್‌ಗೆ ನಿಜವಾದ ಕೆಲಸ ಸಿಗುವುದು ಬಿಲ್ ಹೊಂದಾಣಿಕೆಯಲ್ಲಿ ಮತ್ತು ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗುವುದರಲ್ಲಿ. ಕಂಪನಿಗೊಂದು ಬಗೆಯ ಬಿಲ್ ಇದ್ದ ಕಡೆ ಫೋಕಸ್ ಎಂಬ ಸಾಮಾನ್ಯ ವಿನ್ಯಾಸದ 1.0 ಆವೃತ್ತಿ 2024ರಲ್ಲಿ ಬಂತು. ಯುರೋಪ್ ಒಕ್ಕೂಟದ ಡೇಟಾ ಕಾಯ್ದೆ 2027ರ ಜನವರಿ 12ರಿಂದ ಕ್ಲೌಡ್ ಬದಲಿಸುವ ಶುಲ್ಕವನ್ನು ನಿಷೇಧಿಸುತ್ತದೆ. ಗಮನಿಸಿ, ಇದು ಪೂರ್ತಿ ಬಿಟ್ಟುಹೋಗುವಾಗಿನ ಮಾತು. ಎರಡು ಕ್ಲೌಡ್ ನಡುವೆ ದಿನನಿತ್ಯ ಡೇಟಾ ಓಡಾಡಿಸುವುದು ಇದರಿಂದ ಉಚಿತವಾಗದು.

ಬ್ರೋಕರ್‌ನನ್ನೇ ಬಿಡುವ ದಾರಿಯೂ ಮೊದಲೇ ಗೊತ್ತಿರಲಿ. ಎಡಬ್ಲ್ಯೂಎಸ್‌ನಲ್ಲಿ ನಿಮ್ಮ ಖಾತೆ ಅವರ ಒಟ್ಟು ಬಿಲ್ಲಿಂಗ್‌ನಡಿ ಸೇರಿದ್ದರೆ, ಹೊರಬಂದ ದಿನ ಆ ಅವಧಿಯ ವೆಚ್ಚದ ಇತಿಹಾಸ ಅದರ ವೆಚ್ಚ ತೋರಿಸುವ ಸಾಧನ ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಸಿಗುವುದಿಲ್ಲ. ಪ್ರತಿ ತಿಂಗಳ ವಿವರವಾದ ಬಿಲ್ ಫೈಲು ನಿಮ್ಮದೇ ಸ್ಟೋರೇಜ್‌ಗೆ ಬಂದು ಬೀಳಬೇಕೆಂದು ಒಪ್ಪಂದದಲ್ಲಿ ಬರೆಸಿ.