ಆರ್‌ವಿಯಲ್ಲಿ ಮೊದಲ ದಿನ: ಕ್ಯಾಂಪರ್ ವ್ಯಾನ್, ಕ್ಲಾಸ್ ಸಿ, ಟ್ರೇಲರ್

ಬಾಡಿಗೆಗೆ ಆರ್‌ವಿ, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಮನೆಯಂಥ ಗಾಡಿ ಹುಡುಕಲು ಕೂತರೆ ಎಲ್ಲರೂ ಮೊದಲು ಹೇಳುವುದು ಎಷ್ಟು ಜನ ಮಲಗಬಹುದು ಎಂಬ ಲೆಕ್ಕ. ಊಟದ ಮೇಜನ್ನು ಇಳಿಸಿ ದಿಂಬು ಜೋಡಿಸಿದ ಜಾಗವನ್ನೂ ಅವರು ಇಬ್ಬರ ಹಾಸಿಗೆ ಅಂತಲೇ ಎಣಿಸುತ್ತಾರೆ, ಹಾಗಾಗಿ ಅದನ್ನು ನಾನು ನಂಬುವುದಿಲ್ಲ. ನಾನು ನೋಡುವುದು ಮೊದಲ ದಿನವನ್ನು. ಬೆಳಿಗ್ಗೆ ಕೀಲಿ ಕೈಗೆ ಬಂದಾಗಿನಿಂದ ರಾತ್ರಿ ಎಲ್ಲರೂ ಮಲಗುವವರೆಗೆ ಯಾರ ಮುಖ ಯಾವಾಗ ಗಂಟಿಕ್ಕಿತು ಅನ್ನುವುದನ್ನು. ಎರಡನೇ ದಿನಕ್ಕೆ ಯಾವ ಗಾಡಿಗಾದರೂ ಒಗ್ಗಿಕೊಳ್ಳುತ್ತೇವೆ. ಮೊದಲ ದಿನ ಕೆಟ್ಟರೆ ಮಾತ್ರ "ಹೋಟೆಲ್‌ನಲ್ಲೇ ಇರಬಹುದಿತ್ತಲ್ಲ" ಎಂಬ ಮಾತು ಶುರುವಾಗಿ ಮನೆ ಸೇರುವ ತನಕ ನಿಲ್ಲುವುದಿಲ್ಲ.

ನಾವು ಕ್ಯಾಂಪರ್ ವ್ಯಾನ್, ಕ್ಲಾಸ್ ಸಿ, ಬೇರೆ ಗಾಡಿ ಎಳೆದುಕೊಂಡು ಹೋಗುವ ಟ್ರೇಲರ್, ಈ ಮೂರೂ ಬಗೆಯ ಗಾಡಿಗಳನ್ನು ಬೇರೆ ಬೇರೆ ಬೇಸಿಗೆಗಳಲ್ಲಿ ಒಂದೇ ದಾರಿಯಲ್ಲಿ ಓಡಿಸಿದ್ದೇವೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಹೊರಟು ಆಲ್ಟಮಾಂಟ್ ಘಾಟಿ ದಾಟಿ, ಮ್ಯಾಂಟೀಕಾದಲ್ಲಿ ಹೆದ್ದಾರಿ 99 ಹಿಡಿದು, ಮರ್ಸೆಡ್‌ನಲ್ಲಿ 140ಕ್ಕೆ ತಿರುಗಿ, ಮಾರಿಪೋಸಾ ಹತ್ತಿರ ಮೊದಲ ರಾತ್ರಿ. ಮರುದಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ. ಕ್ಲಾಸ್ ಸಿ ಮತ್ತು ಟ್ರೇಲರ್‌ನಲ್ಲಿ ಹೋದಾಗ ಮೈಸೂರಿನಿಂದ ಬಂದಿದ್ದ ಅತ್ತೆ-ಮಾವನೂ ಜೊತೆಗಿದ್ದರು. ವ್ಯಾನ್‌ನಲ್ಲಿ ನಾವಿಬ್ಬರು ಮತ್ತು ಮಕ್ಕಳಿಬ್ಬರು ಮಾತ್ರ. ಅಷ್ಟರ ಮಟ್ಟಿಗೆ ವ್ಯಾನ್‌ಗೆ ಪರೀಕ್ಷೆ ಸುಲಭವಿತ್ತು, ಓದುವಾಗ ಅದನ್ನು ನೆನಪಿಟ್ಟುಕೊಳ್ಳಿ. ಬಸ್ಸಿನಷ್ಟು ದೊಡ್ಡದಾದ ಕ್ಲಾಸ್ ಎ ಓಡಿಸಿಲ್ಲ, ಅದನ್ನು ಇಲ್ಲಿ ತರುವುದಿಲ್ಲ.

ಗಾಡಿ ಒಪ್ಪಿಸಿಕೊಳ್ಳುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ವ್ಯಾನ್ ರ‍್ಯಾಮ್ ಪ್ರೊಮಾಸ್ಟರ್ ಎಂಬ ಸರಕು ವ್ಯಾನಿನ ಮೇಲೆ ಕಟ್ಟಿದ್ದು, ಛಾವಣಿ ಎತ್ತಿದರೆ ಮೇಲೆ ಮಕ್ಕಳಿಗೆ ಟೆಂಟಿನಂಥ ಹಾಸಿಗೆ. ತೋರಿಸಿ ಹೇಳುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕ್ಲಾಸ್ ಸಿ ಅಂದರೆ ಡ್ರೈವರ್ ತಲೆಯ ಮೇಲೂ ಹಾಸಿಗೆ ಚಾಚಿಕೊಂಡಿರುವ ಗಾಡಿ. ನಮ್ಮದು ಸುಮಾರು 25 ಅಡಿ ಉದ್ದದ್ದು. ಇದರಲ್ಲಿ ಪ್ರೊಪೇನ್ ವಾಲ್ವ್, ಜನರೇಟರ್, ವಾಟರ್ ಹೀಟರ್ ಸ್ವಿಚ್, ಮೂರು ಟ್ಯಾಂಕು, ಎರಡು ಕೊಳಾಯಿ ಪೈಪು, ಎಲ್ಲವನ್ನೂ ಕಲಿಯಬೇಕು. ಮಾವ ಮೊಬೈಲ್ ಹಿಡಿದು ಪೂರ್ತಿ ವಿಡಿಯೊ ಮಾಡಿಕೊಂಡರು. ರಾತ್ರಿ ನಮ್ಮನ್ನು ಕಾಪಾಡಿದ್ದು ಅದೇ, ನೀವೂ ಮಾಡಿಕೊಳ್ಳಿ.

ಟ್ರೇಲರ್‌ನ ತಾಪತ್ರಯ ಅದಕ್ಕೂ ಮೊದಲೇ ಶುರು: ಎಳೆಯುವ ಗಾಡಿ ಯಾವುದು? ನಮ್ಮವರ ಮನೆಗಳ ಮುಂದೆ ಸಾಮಾನ್ಯವಾಗಿ ನಿಂತಿರುವ ಸಿಯೆನ್ನಾ, ಒಡಿಸ್ಸಿ ಮಿನಿವ್ಯಾನ್‌ಗಳು 3,500 ಪೌಂಡಿನವರೆಗೆ ಮಾತ್ರ ಎಳೆಯಬಲ್ಲವು. ನಮ್ಮ ಟ್ರೇಲರ್ ಖಾಲಿ ಇದ್ದಾಗಲೇ ಅದಕ್ಕಿಂತ ಭಾರ. ಪರಿಚಯದವರ ಪಿಕಪ್ ಕೇಳಿ ತಂದೆವು. ಆಮೇಲೆ ಪಿಕಪ್ ಹಿಂದಿನ ಬಾಲ್ ಮೇಲೆ ಟ್ರೇಲರ್‌ನ ಹಿಚ್ (ಕೊಂಡಿ) ಕೂರಿಸು, ಭಾರ ಹಂಚುವ ಕಂಬಿ ಬಿಗಿ, ಸರಪಳಿ ಹಾಕು, ಏಳು ಪಿನ್ನಿನ ಪ್ಲಗ್ ಚುಚ್ಚು, ಬ್ರೇಕ್ ಕಂಟ್ರೋಲರ್ ಪರೀಕ್ಷಿಸು. ಹೊರಡುವ ಹೊತ್ತಿಗೆ ಪುಳಿಯೋಗರೆ ಡಬ್ಬಿ ಅರ್ಧ ಖಾಲಿಯಾಗಿತ್ತು.

ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಅದು ಫ್ರಿಜ್. ನಮ್ಮ ಕ್ಲಾಸ್ ಸಿ ಮತ್ತು ಟ್ರೇಲರ್‌ನಲ್ಲಿ ಇದ್ದದ್ದು ಪ್ರೊಪೇನ್ ಅಥವಾ ಕರೆಂಟಿನ ಶಾಖದಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್. ಬೆಚ್ಚಗಿದ್ದ ಅಂಥ ಫ್ರಿಜ್ ತಣ್ಣಗಾಗಲು ಒಂದು ರಾತ್ರಿಯೇ ಬೇಕು, ಗಾಡಿ ವಾಲಿಕೊಂಡು ನಿಂತಿದ್ದರೆ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ. ವ್ಯಾನ್‌ನಲ್ಲಿದ್ದದ್ದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಮ್ಯಾಂಟೀಕಾ ಬರುವಷ್ಟರಲ್ಲಿ ತಣ್ಣಗಿತ್ತು. ಕ್ಲಾಸ್ ಸಿ ತೆಗೆದುಕೊಳ್ಳುವವರು ಫ್ರಿಜ್ಜನ್ನು ಹಿಂದಿನ ಸಂಜೆಯೇ ಹಾಕಿಡಲು ಬಾಡಿಗೆ ಕೊಡುವವರನ್ನು ಕೇಳಿಕೊಳ್ಳಿ. ಆಗದು ಅಂದರೆ ಮೊಸರು, ಹಾಲು, ದೋಸೆ ಹಿಟ್ಟಿಗೆ ಐಸ್ ಹಾಕಿದ ಕೂಲರ್ ಬೇರೆ ಇರಲಿ. ಮೇ ತಿಂಗಳ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ದೋಸೆ ಹಿಟ್ಟು ಮರ್ಸೆಡ್ ತಲುಪುವ ಮೊದಲೇ ಉಕ್ಕುತ್ತದೆ.

ರಸ್ತೆಯ ಮೇಲೆ ವ್ಯಾನ್‌ಗೆ ಪೂರ್ತಿ ಅಂಕ. ಮಿನಿವ್ಯಾನ್ ಓಡಿಸಿ ಗೊತ್ತಿದ್ದರೆ ಸಾಕು, ಅಂಗಡಿ ಮುಂದೆ ಸಾಮಾನ್ಯ ಕಾರಿನ ಜಾಗದಲ್ಲೇ ನಿಲ್ಲಿಸಬಹುದು. ಕ್ಲಾಸ್ ಸಿ ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ಬೇರೆ ಲೈಸೆನ್ಸ್ ಬೇಡ, ಧೈರ್ಯ ಬೇಕು. ಆಲ್ಟಮಾಂಟ್‌ನಲ್ಲಿ ಗುಡ್ಡದ ತುಂಬ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಅಲ್ಲಿ ಪಕ್ಕದಿಂದ ಬೀಸುವ ಗಾಳಿ ಎತ್ತರದ ಗಾಡಿಯನ್ನು ಪಕ್ಕದ ಲೇನಿಗೆ ತಳ್ಳುತ್ತದೆ. ಜೊತೆಗೆ ಒಳಗೆ ತಟ್ಟೆ, ಲೋಟ, ಒಲೆಯ ಕಂಬಿಗಳ ಗಲಗಲ. ಪಾತ್ರೆಗಳ ನಡುವೆ ಟವೆಲ್ ತುರುಕಿದ ಮೇಲೆ ಮಾತು ಕೇಳಿಸಿತು. ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಎಚ್ಚರ ಬೇಕು. ಹಿಂದಿನ ಚಕ್ರದಾಚೆಗೆ ಗಾಡಿ ಬಹಳ ಚಾಚಿರುವುದರಿಂದ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತದೆ, ಪಂಪಿನ ಪಕ್ಕದ ಕಬ್ಬಿಣದ ಗೂಟ ಕಾದಿರುತ್ತದೆ.

ಆದರೂ ಕ್ಲಾಸ್ ಸಿಯಲ್ಲಿ ಹಿರಿಯರು ಖುಷಿಯಾಗಿದ್ದರು. ಎಲ್ಲಿ ಬೇಕಾದರೂ ಪಕ್ಕಕ್ಕೆ ನಿಲ್ಲಿಸಿದರೆ ಟಾಯ್ಲೆಟ್ ಇದೆ, ಸೋಫಾ ಇದೆ, ಕಾಫಿ ಮಾಡಬಹುದು. ಓಡುತ್ತಿರುವಾಗ ಮಾತ್ರ ಎದ್ದು ಓಡಾಡುವಂತಿಲ್ಲ. ಮಾವನಿಗೆ ರೈಲಿನಲ್ಲಿ ನಡೆದಾಡಿದ ಅಭ್ಯಾಸ. "ಸ್ವಲ್ಪ ಕಾಲು ನೀಡಿ ಬರ್ತೀನಮ್ಮ" ಅಂತ ಬೆಲ್ಟ್ ಬಿಚ್ಚಿದಾಗಲೆಲ್ಲ ಮೊಮ್ಮಗಳು ಗದರುತ್ತಿದ್ದಳು. ಬುಕ್ ಮಾಡುವ ಮೊದಲು ಬೆಲ್ಟ್ ಇರುವ ಸೀಟು ಎಷ್ಟು, ಅವುಗಳಲ್ಲಿ ಮುಂದಕ್ಕೆ ಮುಖ ಮಾಡಿದವು ಎಷ್ಟು ಅಂತ ಕೇಳಿ. ಮಕ್ಕಳ ಕಾರ್ ಸೀಟನ್ನು ಅಡ್ಡ ಬೆಂಚಿಗೆ ಕಟ್ಟುವ ಹಾಗಿಲ್ಲ.

ಟ್ರೇಲರ್ ಎಳೆಯುವಾಗ ಆ ಸುಖವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓಡುವ ಇಂಥ ಟ್ರೇಲರ್‌ನೊಳಗೆ ಜನ ಕೂರುವಂತಿಲ್ಲ, ಎಲ್ಲರೂ ಪಿಕಪ್‌ನಲ್ಲೇ ಒತ್ತಿಕೊಂಡು ಕೂರಬೇಕು. ಏನನ್ನಾದರೂ ಎಳೆಯುವ ಗಾಡಿಗೆ ಗಂಟೆಗೆ 55 ಮೈಲಿಯೇ ಗಡಿ. 99ರಲ್ಲಿ ಲಾರಿಗಳ ಹಿಂದೆ ಬಲಗಡೆ ಲೇನಿನಲ್ಲಿ ಬಾದಾಮಿ ತೋಟ ನೋಡುತ್ತಾ ಹೋಗುವುದು, ಅಷ್ಟೆ. ಇಂಧನದ ಲೆಕ್ಕದಲ್ಲಿ ಕ್ಲಾಸ್ ಸಿ, ಟ್ರೇಲರ್ ಎರಡೂ ಗ್ಯಾಲನ್‌ಗೆ ಹತ್ತು ಮೈಲಿ ಆಸುಪಾಸು, ವ್ಯಾನ್ ಅದಕ್ಕಿಂತ ಎಷ್ಟೋ ಮೇಲು.

ನಿಜವಾದ ಪರೀಕ್ಷೆ ಸಂಜೆ. ವ್ಯಾನ್ ನಿಲ್ಲಿಸಿ ಕರೆಂಟಿನ ವೈರ್ ಚುಚ್ಚಿದರೆ ಮುಗಿಯಿತು, ಚಹಾ ಇಡಬಹುದು. ಕ್ಲಾಸ್ ಸಿಯನ್ನು ಹಿಮ್ಮುಖವಾಗಿ ಸೈಟಿಗೆ, ಅಂದರೆ ಆರ್‌ವಿ ಪಾರ್ಕಿನಲ್ಲಿ ನಮಗೆ ಕೊಟ್ಟ ಜಾಗಕ್ಕೆ ತಂದು, ಚಕ್ರದಡಿ ಪ್ಲಾಸ್ಟಿಕ್ ದಿಮ್ಮಿ ಇಟ್ಟು ಸಮ ಮಾಡಿ, ಕರೆಂಟು, ನೀರು, ಡ್ರೈನೇಜ್ ಜೋಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಟ್ರೇಲರ್ ಹಿಮ್ಮುಖ ತರುವುದಂತೂ ಸಂಸಾರಕ್ಕೆ ಒಳ್ಳೆಯದಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ನಾನು ಹಿಂದೆ ನಿಂತು "ಬಲಕ್ಕೆ ರೀ" ಅನ್ನುವುದು, ಅವರು "ಯಾವುದು ಬಲಕ್ಕೆ, ಸ್ಟೀರಿಂಗಾ ಟ್ರೇಲರ್ರಾ?" ಅನ್ನುವುದು, ಅತ್ತೆ ಇಬ್ಬರಿಗೂ ಸಮಾಧಾನ ಹೇಳುವುದು. ಕೊನೆಗೆ ಪಕ್ಕದ ಸೈಟಿನ ಅಜ್ಜ ಬಂದು, ಸ್ಟೀರಿಂಗ್‌ನ ಕೆಳಭಾಗ ಹಿಡಿದುಕೋ, ಟ್ರೇಲರ್ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸು ಅಂತ ಹೇಳಿಕೊಟ್ಟ ಮೇಲೆ ಒಳಗೆ ಬಂತು. ಅಷ್ಟರಲ್ಲಿ ಕತ್ತಲಾಗಿ, ಚಕ್ರಕ್ಕೆ ಅಡ್ಡಗಟ್ಟೆ ಹುಡುಕಲು ಟಾರ್ಚ್ ಬೇಕಾಯಿತು.

ಅಡುಗೆಗೆ ಬಂದರೆ ಒಂದು ಗಣಿತ ಕಲಿಯಬೇಕು. ಈ ಗಾಡಿಗಳಿಗೆ ಸಾಮಾನ್ಯವಾಗಿ 30 ಆಂಪ್ ಕರೆಂಟು. 120 ವೋಲ್ಟಿನಲ್ಲಿ ಒಟ್ಟು 3,600 ವಾಟ್. ಎಸಿ ಓಡುತ್ತಿರುವಾಗ ಇಂಡಕ್ಷನ್ ಒಲೆ ಮೇಲೆ ಕುಕ್ಕರ್ ಇಟ್ಟು, ಮೈಕ್ರೋವೇವ್‌ನಲ್ಲಿ ಹಾಲು ಬಿಸಿಗಿಟ್ಟರೆ ಬ್ರೇಕರ್ ಬೀಳುತ್ತದೆ. ನಮಗೆ ಬಿತ್ತು, ಕತ್ತಲಲ್ಲಿ ಕುಕ್ಕರ್ ಇನ್ನೂ ಎರಡನೇ ಸೀಟಿ ಹಾಕಿರಲಿಲ್ಲ. ಒಳಗೆ ಒಗ್ಗರಣೆ ಹಾಕುವ ಯೋಚನೆಯನ್ನೂ ಬಿಡಿ. ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕೂಗಿದರೆ ಅಕ್ಕಪಕ್ಕದವರೆಲ್ಲ ಎದ್ದು ಬರುತ್ತಾರೆ. ಹೊರಗಿನ ಮರದ ಮೇಜಿನ ಮೇಲೆ ಪುಟ್ಟ ಗ್ಯಾಸ್ ಒಲೆ ಇಟ್ಟುಕೊಳ್ಳುವುದೇ ಸರಿ. ಹೀಗಾಗಿ ಅಡುಗೆಮನೆಯ ಗಾತ್ರ ನೋಡಿ ಗಾಡಿ ಆರಿಸುವ ಅಗತ್ಯವಿಲ್ಲ; ಮೂರರಲ್ಲೂ ಕೊನೆಗೆ ನಾವು ಅಡುಗೆ ಮಾಡಿದ್ದು ಹೊರಗೇ. ಮೊದಲ ರಾತ್ರಿಗೆ ಮೊಸರನ್ನ, ಚಟ್ನಿಪುಡಿ, ಮನೆಯಿಂದ ತಂದ ಚಪಾತಿ ಸಾಕು.

ಸ್ನಾನ, ಟಾಯ್ಲೆಟ್ ವಿಷಯ ಬಾಯಿಬಿಟ್ಟು ಕೇಳಲು ಎಲ್ಲರಿಗೂ ಸಂಕೋಚ, ಆದರೆ ಅತ್ತೆಗೆ ಮೊದಲು ಗೊತ್ತಾಗಬೇಕಿದ್ದದ್ದು ಅದೇ. ಚೊಂಬಿನಲ್ಲಿ ನೀರು ಬಳಸಿದರೆ ಟಾಯ್ಲೆಟ್ ಕೊಳಚೆ ಸೇರುವ ಬ್ಲ್ಯಾಕ್ ಟ್ಯಾಂಕಿಗೆ ತೊಂದರೆಯೇನಿಲ್ಲ, ನೀರು ಹೆಚ್ಚಿದ್ದರೆ ಖಾಲಿ ಮಾಡುವುದೇ ಸಲೀಸು. ಬೇಗ ತುಂಬುತ್ತದೆ, ಅಷ್ಟೆ. ಡ್ರೈನೇಜ್ ಪೈಪು ಜೋಡಿಸಿದ್ದರೂ ಅದರ ವಾಲ್ವ್ ಮುಚ್ಚಿಯೇ ಇಟ್ಟು, ತುಂಬಿದ ಮೇಲೆ ಬಿಡಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ, ಅಂದರೆ ಪಾತ್ರೆ, ಸ್ನಾನದ ನೀರಿನ ಟ್ಯಾಂಕು. ಪಾತ್ರೆ ತೊಳೆದ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ವ್ಯಾನ್‌ನಲ್ಲಿದ್ದದ್ದು ಕ್ಯಾಸೆಟ್ ಟಾಯ್ಲೆಟ್, ಅಂದರೆ ಸೂಟ್‌ಕೇಸಿನ ಹಾಗೆ ಹೊರಗೆಳೆದು ಕೈಯಲ್ಲೇ ಹೊತ್ತು ಹೋಗಿ ಸುರಿಯಬೇಕು. ನಮ್ಮನೆಯವರು ಅದನ್ನು ಒಮ್ಮೆ ಮಾಡಿ, ಮುಂದೆ ಯಾರೂ ಅದನ್ನು ಬಳಸಕೂಡದು ಅಂತ ಕಾನೂನು ಮಾಡಿದರು. ಬಿಸಿನೀರು ಕ್ಲಾಸ್ ಸಿ, ಟ್ರೇಲರ್ ಎರಡರಲ್ಲೂ ಆರು ಗ್ಯಾಲನ್ ಮಾತ್ರ, ಇಬ್ಬರ ಸ್ನಾನಕ್ಕೆ ಮುಗಿಯುತ್ತದೆ. ಉಳಿದವರು ಆರ್‌ವಿ ಪಾರ್ಕಿನ ಸ್ನಾನದ ಮನೆಗೆ.

ಮಲಗುವುದರಲ್ಲಿ ಟ್ರೇಲರ್ ಗೆದ್ದಿತು. ಎರಡೂ ಕಡೆಯಿಂದ ಇಳಿಯಬಹುದಾದ ಮಂಚ, ಬಾಗಿಲಿರುವ ಕೋಣೆ. ಮಾವನಿಗೆ ಮಂಡಿ ನೋವು. ಕ್ಲಾಸ್ ಸಿಯ ಹಿಂದಿನ ಹಾಸಿಗೆ ಮೂಲೆಗೆ ಅಂಟಿಕೊಂಡಿದ್ದರಿಂದ ರಾತ್ರಿ ಏಳಬೇಕಾದರೆ ಅತ್ತೆಯನ್ನು ದಾಟಿಕೊಂಡು ಬರಬೇಕಿತ್ತು. ಮಕ್ಕಳಿಗೆ ಮಾತ್ರ ಡ್ರೈವರ್ ತಲೆಯ ಮೇಲಿನ ಗೂಡು ಸ್ವರ್ಗ, ಏಣಿ ಹತ್ತಿದವರು ಇಳಿಯಲೇ ಇಲ್ಲ. ವ್ಯಾನ್‌ನ ಮೇಲಿನ ಟೆಂಟೂ ಅವರಿಗೆ ಇಷ್ಟವಾಯಿತು, ಆದರೆ ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರಿಗೂ ಎಚ್ಚರ.

ಇಷ್ಟರ ಮೇಲೆ ನನ್ನ ಆಯ್ಕೆ: ಹಿರಿಯರು ಜೊತೆಗಿದ್ದರೆ 25 ಅಡಿಯ ಕ್ಲಾಸ್ ಸಿ, ಕಣ್ಣು ಮುಚ್ಚಿಕೊಂಡು. ಮೂಲೆಯ ಹಾಸಿಗೆಯ ಬದಲು ಬೇರೆ ವಿನ್ಯಾಸ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗಂಡ, ಹೆಂಡತಿ, ಮಕ್ಕಳು ಮಾತ್ರ ಆದರೆ ವ್ಯಾನ್. ಟ್ರೇಲರ್ ಮೊದಲ ದಿನ ಎಲ್ಲದರಲ್ಲೂ ಸೋತು, ಮಲಗುವ ಹೊತ್ತಿಗೆ ಗೆದ್ದು, ಎರಡನೇ ದಿನ ಬೆಳಿಗ್ಗೆ ಮುಂದೆ ಹೋಗಿಬಿಡುತ್ತದೆ. ಅದನ್ನು ಅಲ್ಲೇ ಬಿಟ್ಟು ಪಿಕಪ್‌ನಲ್ಲಿ ಯೊಸೆಮಿಟಿ ಸುತ್ತಿ ಬರಬಹುದು, ಕ್ಲಾಸ್ ಸಿಯವರು ಪ್ರತಿ ಸಲ ಪೈಪು ಕಿತ್ತು, ಪಾತ್ರೆ ಕಟ್ಟಿ ಹೊರಡಬೇಕು. ಒಂದೇ ಕಡೆ ನಾಲ್ಕೈದು ದಿನ ಇರುವವರಿಗೆ ಟ್ರೇಲರೇ ಸರಿ.

ಯಾವುದೇ ಆಗಲಿ, ಮೊದಲ ರಾತ್ರಿ ಯೊಸೆಮಿಟಿ ಕಣಿವೆಯೊಳಗೆ ಬೇಡ. ಅಲ್ಲಿನ ಅಪ್ಪರ್ ಪೈನ್ಸ್‌ನಂಥ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟು, ನೀರಿನ ಹುಕ್‌ಅಪ್ (ಜೋಡಣೆ) ಇಲ್ಲ, ಜನರೇಟರ್ ಹಾಕಲೂ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ ಅವಕಾಶ. ಹೊರಗಿನ ಖಾಸಗಿ ಪಾರ್ಕಿನಲ್ಲಿ ಹುಕ್‌ಅಪ್ ಇರುವ ಸೈಟ್ ತೆಗೆದುಕೊಳ್ಳಿ. ಟ್ರೇಲರ್ ಆದರೆ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವ ಪುಲ್-ಥ್ರೂ ಸೈಟನ್ನೇ ಕೇಳಿ, ಹಿಮ್ಮುಖದ ಜಗಳ ಉಳಿಯುತ್ತದೆ.