ದೀಪದಾಟದ ಬೋರ್ಡು ಕೊಳ್ಳುವ ಮುನ್ನ ಒಮ್ಮೆ ಆರಿಸಿ ಹೊತ್ತಿಸಿ ನೋಡಿ

ಕೆಂಪು, ಹಸಿರು, ಹಸಿರು, ನೀಲಿ, ಹಳದಿ, ಕೆಂಪು. ದಾವಣಗೆರೆಯಲ್ಲಿ ಡಿಪ್ಲೊಮಾ ಪ್ರಾಜೆಕ್ಟಿಗೆಂದು ನೀವು ದುಡ್ಡು ಕೊಟ್ಟು ತಂದ ದೀಪದಾಟದ ಬೋರ್ಡು ಇದೇ ಕ್ರಮದಲ್ಲಿ ಮಿನುಗಿದರೆ, ನೀವೂ ನಮ್ಮಂತೆ ಟೋಪಿ ಹಾಕಿಸಿಕೊಂಡಿದ್ದೀರಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಬಣ್ಣಗಳ ಸರಣಿಯೇ ಗುರುತು, ಅದು ಸಾಕು.

ಹೌದು, ಪ್ರಾಜೆಕ್ಟನ್ನು ನಾವೇ ಮಾಡಬೇಕಿತ್ತು. ಬೈಯುವವರು ಬೈಯಿರಿ. ಅರ್ಧ ತರಗತಿ ಎಲ್ಲಿಂದ ತರುತ್ತದೆಂದು ನಿಮಗೂ ಗೊತ್ತು. ನಾವು ನಾಲ್ವರು ತಲಾ 1,000 ಹಾಕಿ 4,000 ರೂಪಾಯಿ ಕೊಟ್ಟೆವು. ಒಂದು ಆರ್ಡುಯಿನೊ ಊನೊ (ಕೋಡ್ ಬರೆದು ನಡೆಸುವ ಪುಟ್ಟ ಚಿಪ್ ಇರುವ ಬೋರ್ಡು), ನಾಲ್ಕು ಎಲ್‌ಇಡಿ, ನಾಲ್ಕು ಗುಂಡಿ, ಒಂದು ಬಜರ್. ದೀಪಗಳು ಹೊತ್ತಿದ ಕ್ರಮದಲ್ಲೇ ಗುಂಡಿ ಒತ್ತಬೇಕು. ಸರಿಯಾದರೆ ಸರಣಿಗೆ ಇನ್ನೊಂದು ಬಣ್ಣ ಸೇರುತ್ತದೆ. 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸೈಮನ್ ಎಂಬ ಆಟಿಕೆಯ ನಕಲು. ವರದಿಯಲ್ಲಿ ಅದನ್ನು ಗತ್ತಿನಿಂದ ಬರೆದು, ಕೆಳಗೆ ‘ಪ್ರತಿ ಸಲವೂ ಕ್ರಮ ಹೊಸದು’ ಎಂದು ಸೇರಿಸಿದ್ದೆವು. ಆ ವಾಕ್ಯವೂ ಅಂಗಡಿಯವನೇ ಕೊಟ್ಟಿದ್ದು.

ಅಂಗಡಿಯಲ್ಲಿ ಅವನೇ ಆಡಿ ತೋರಿಸಿದ. ನಮ್ಮ ಜೊತೆ ಮಾತನಾಡುತ್ತಲೇ, ಬೋರ್ಡನ್ನು ಸರಿಯಾಗಿ ನೋಡದೆಯೇ ಒಂಬತ್ತನೇ ಹಂತ ದಾಟಿದ. ಎಂಥ ನೆನಪಿನ ಶಕ್ತಿ ಎಂದು ನಾವು ಬಾಯಿ ಬಿಟ್ಟು ನಿಂತಿದ್ದೆವು. ಬಾಯಿಪಾಠ! ಈಗ ನೆನೆದರೆ ಮೈ ಉರಿಯುತ್ತದೆ.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಒಮ್ಮೆ ಆಡಿದರು. ಯುಎಸ್‌ಬಿ ತಂತಿ ಕಿತ್ತು ಮತ್ತೆ ಚುಚ್ಚಿದರು. ಬಣ್ಣಗಳನ್ನು ನಮ್ಮದೇ ವರದಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಮತ್ತೆ ಕಿತ್ತು ಚುಚ್ಚಿ, ಬೋರ್ಡನ್ನು ನಮ್ಮ ಕಡೆ ತಿರುಗಿಸಿ, ತಾವು ಹಾಳೆ ನೋಡುತ್ತಾ, ದೀಪ ಹೊತ್ತುವ ಮೊದಲೇ ಹೇಳತೊಡಗಿದರು: ಕೆಂಪು, ಹಸಿರು, ಹಸಿರು, ನೀಲಿ. ಒಂದೂ ತಪ್ಪಲಿಲ್ಲ. “ಹೊಸ ಕ್ರಮ ಎಲ್ಲಿದೆಯಪ್ಪಾ?” ಎಂದರು. ನಾಲ್ವರೂ ನೆಲ ನೋಡಿದೆವು. ಹಾಸ್ಟೆಲಿನಲ್ಲಿ ಎರಡು ದಿನ ಆಡಿದ್ದೆವು. ಸೋತಾಗ ಬೇರೆ ಕ್ರಮ ಬರುತ್ತಿತ್ತು, ಅನುಮಾನ ಬರಲಿಲ್ಲ. ಆರಿಸಿ ಹೊತ್ತಿಸಿದರೆ ಮತ್ತೆ ಅದೇ ಸರಣಿ ಮೊದಲಿನಿಂದ. ಆರಿಸಿ ಹೊತ್ತಿಸಿ ನೋಡುವ ಬುದ್ಧಿ ನಾಲ್ವರಲ್ಲಿ ಒಬ್ಬನಿಗೂ ಬರಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ, “ತಮ್ಮಾ, ದೀಪ ಹೊತ್ತುತ್ತದೆ, ಗುಂಡಿ ಕೆಲಸ ಮಾಡುತ್ತದೆ, ಮತ್ತೇನು?” ಎಂದ. ಪರೀಕ್ಷಕರು ಮಾಡಿದ್ದನ್ನು ಹೇಳಿದೆ. ನಕ್ಕ. “ಇಷ್ಟು ಜನಕ್ಕೆ ಕೊಟ್ಟಿದ್ದೇನೆ, ಯಾರೂ ಎರಡನೇ ಸಲ ಆನ್ ಮಾಡಿ ನೋಡಿದ್ದಿಲ್ಲ.” ಇದು ಸಮಜಾಯಿಷಿಯೇ? “ಅಣ್ಣಾ, ಕೋಡ್ ಕೊಡಿ, ನಾವೇ ನೋಡುತ್ತೇವೆ” ಎಂದೆ. “ಕೋಡ್ ನೀವು ಕೊಟ್ಟ ದುಡ್ಡಿನಲ್ಲಿ ಸೇರಿಲ್ಲ. ಅದಕ್ಕೆ ಬೇರೆ 800.” ಬೋರ್ಡಿನ ಚಿಪ್‌ನಿಂದ ಹೊರತೆಗೆದರೆ ಸಿಗುವುದು ಯಂತ್ರಭಾಷೆ, ನಾವು ಓದುವಂಥ ಕೋಡ್ ಅಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಕೊಟ್ಟೆವು. ಅದನ್ನೂ ಕೊಟ್ಟೆವು!

ಕೋಡ್‌ನ ನೆತ್ತಿಯ ಮೇಲೆ ಬೇರೆ ಕಾಲೇಜಿನ ಹೆಸರು ಹಾಗೆಯೇ ಇತ್ತು, ಅಳಿಸುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ತಪ್ಪು ಒಂದೇ ಸಾಲಿನದು. ಮೈಕ್ರೊಕಂಟ್ರೋಲರ್, ಅಂದರೆ ಬೋರ್ಡಿನ ಚಿಪ್, ತಾನಾಗಿ ಮನಬಂದಂತೆ ಬಣ್ಣ ಆಯ್ದುಕೊಳ್ಳುವುದಿಲ್ಲ, ಲೆಕ್ಕ ಹಾಕಿ ಆಯ್ದುಕೊಳ್ಳುತ್ತದೆ. ಆರಂಭದ ಸಂಖ್ಯೆ ಒಂದೇ ಆದರೆ ಸರಣಿಯೂ ಒಂದೇ. ಆ ಸಂಖ್ಯೆಯನ್ನು ಎ-0 ಪಿನ್ನಿನಿಂದ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಪಿನ್ನು) ಓದುವಂತೆ ಬರೆದಿದೆ. ಏನೂ ಜೋಡಿಸದ ಪಿನ್ನಾಗಿದ್ದರೆ ಓದಿದಾಗಲೆಲ್ಲ ಸಂಖ್ಯೆ ಅಷ್ಟಿಷ್ಟು ಅಲುಗಾಡುತ್ತಿತ್ತು. ಇವನು ಅದೇ ಪಿನ್ನಿಗೆ ಹಳದಿ ಗುಂಡಿ ಜೋಡಿಸಿ, 10 ಕಿಲೋ ಓಮ್ ರೆಸಿಸ್ಟರಿನಿಂದ 5 ವೋಲ್ಟಿಗೆ ಬಿಗಿದಿದ್ದಾನೆ. ಎಷ್ಟು ಸಲ ಓದಿದರೂ ಅದೇ ಗರಿಷ್ಠ ಸಂಖ್ಯೆ, 1023. ಊನೊದಲ್ಲಿ 14 ಡಿಜಿಟಲ್ ಪಿನ್‌ಗಳಿವೆ, ಈ ಆಟಕ್ಕೆ ಒಂಬತ್ತು ಸಾಕು. ಎ-0 ಮುಟ್ಟುವ ಅಗತ್ಯವೇ ಇರಲಿಲ್ಲ. ಎರಡು ಕಡೆಯ ಕೋಡ್ ತಂದು ಹೊಲಿದ ತೇಪೆ, ಇನ್ನೇನಲ್ಲ.

ಬೋರ್ಡು ಹೊತ್ತಿದಾಗಿನಿಂದ ಆಟಗಾರ ಮೊದಲ ಗುಂಡಿ ಒತ್ತುವವರೆಗಿನ ಮೈಕ್ರೊಸೆಕೆಂಡ್ ಎಣಿಕೆಯನ್ನೇ ಆರಂಭದ ಸಂಖ್ಯೆಯಾಗಿ ಕೊಟ್ಟೆ. ಸರಿಹೋಯಿತು. ಒಂದು ಸಂಜೆಯ ಕೆಲಸ. ಇದನ್ನು ಮೊದಲೇ ಮಾಡಿದ್ದರೆ 4,800 ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಕೊಂಡೇ ಕೊಳ್ಳುತ್ತೀರಾದರೆ ಅಂಗಡಿಯಲ್ಲೇ ಮೂರು ಸಲ ಆರಿಸಿ ಹೊತ್ತಿಸಿ, ಬಣ್ಣ ಬರೆದುಕೊಳ್ಳಿ. ಗುಂಡಿಯನ್ನು ನೀವೇ ಒತ್ತಿ, ಅವನ ಕೈಗೆ ಕೊಡಬೇಡಿ. ಕೋಡ್ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಕಳೆದ ವಾರ ಫೋನ್ ಮಾಡಿ ಅರ್ಧ ಹಣವನ್ನಾದರೂ ಹಿಂದಿರುಗಿಸಿ ಎಂದೆ. “ಹಣದ ಮಾತು ಯಾಕೆ ತಮ್ಮಾ? ಬೋರ್ಡು ತೆಗೆದುಕೊಂಡು ಬಾ, ಆ ಒಂದು ಸಾಲು ಬದಲಾಯಿಸಿ ಕೊಡುತ್ತೇನೆ. ನೀನಾದ್ದರಿಂದ 500 ಸಾಕು.”