ಪಳಗಿದ ಕೈಗಳಿಗೆ ಐಪಿವಿ6: ನಾಲ್ಕು ತಯಾರಿಗಳ ಹೋಲಿಕೆ

ಭಾರತದಲ್ಲಿ ಅಂತರಜಾಲ ಬಳಸುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಐಪಿವಿ6, ಅಂದರೆ ಜಾಲದ ಯಂತ್ರಗಳಿಗೆ ವಿಳಾಸ ಕೊಡುವ ಹೊಸ ಕ್ರಮ, ಈಗಾಗಲೇ ತಲುಪಿದೆ. 2016ರಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಜಾಲಗಳು ಆ ಕಡೆಗೆ ದಾಪುಗಾಲು ಹಾಕಿದವು. ಹಿಂದೆ ಬಿದ್ದಿರುವುದು ಕಚೇರಿಗಳ ಒಳಜಾಲ, ಮತ್ತು ಅದನ್ನು ನೋಡಿಕೊಳ್ಳುವ ನಮ್ಮಂಥವರು. ತಂಡವನ್ನು ಈ ಬದಲಾವಣೆಗೆ ಸಜ್ಜುಗೊಳಿಸುವ ಹೊಣೆ ನನ್ನ ಹೆಗಲಿಗೆ ಬಂದಾಗ ನಾಲ್ಕು ದಾರಿಗಳನ್ನು ಮೊದಲು ನಾನೇ ತುಳಿದು ನೋಡಿದೆ: ಏಷ್ಯಾ-ಪೆಸಿಫಿಕ್ ವಲಯಕ್ಕೆ ಐಪಿ ವಿಳಾಸ ಹಂಚುವ ಏಪಿನಿಕ್ ಸಂಸ್ಥೆಯ ಅಕಾಡೆಮಿಯ ಉಚಿತ ಪಾಠ, ಜಾಲ ಎಂಜಿನಿಯರುಗಳಿಗೆ ಸಿಸ್ಕೊ ಕೊಡುವ ಸಿಸಿಎನ್‌ಎ ಪ್ರಮಾಣಪತ್ರ, ಹರಿಕೇನ್ ಎಲೆಕ್ಟ್ರಿಕ್ ಕಂಪನಿಯ ಉಚಿತ ಪ್ರಮಾಣಪತ್ರ, ಮತ್ತು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕಟ್ಟಿಕೊಂಡ ಸ್ವಂತ ಪ್ರಯೋಗಾಲಯ.

ಅಳತೆಗೋಲು ಒಂದೇ ಇಟ್ಟುಕೊಂಡೆ. ಹಿಂದಿನ ಕ್ರಮವಾದ ಐಪಿವಿ4ರಲ್ಲಿ ವರ್ಷಗಟ್ಟಲೆ ಪಳಗಿದವರ ಹಳೆಯ ಅಭ್ಯಾಸಗಳನ್ನು ಯಾವುದು ಬಿಡಿಸುತ್ತದೆ? ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೆ ಐಪಿವಿ6 ದೊಡ್ಡ ಸಂಗತಿಯಲ್ಲ. ತಡವರಿಸುವವರು ಹಳಬರು, ಅದರಲ್ಲೂ ಕೆಲಸ ಚೆನ್ನಾಗಿ ಬಲ್ಲವರು.

ಮೊದಲನೆಯ ಅಭ್ಯಾಸ ವಿಳಾಸದ ಜಿಪುಣತನ. 2011ರ ಫೆಬ್ರುವರಿಯಲ್ಲಿ ಜಗತ್ತಿಗೆಲ್ಲ ವಿಳಾಸ ಹಂಚುವ ಐಯಾನಾದ ಐಪಿವಿ4 ದಾಸ್ತಾನು ಖಾಲಿಯಾಯಿತು. ಅದಕ್ಕೂ ಎಷ್ಟೋ ಮುಂಚಿನಿಂದ ನಾವೆಲ್ಲ ವಿಳಾಸಗಳನ್ನು ಎಣಿಸಿ ಎಣಿಸಿ ಕೊಟ್ಟವರು. ಒಂದು ಮಹಡಿಯ ಜಾಲಕ್ಕೆ /64 ಕೊಡಿ (ಗೆರೆಯ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು) ಎಂದರೆ ನಮಗೆ ಕರುಳು ಹಿಂಡಿದಂತಾಗುತ್ತದೆ. ‘ಇನ್ನೂರು ಯಂತ್ರಕ್ಕೆ ಅಷ್ಟೇಕೆ ಸಾರ್, /120 ಸಾಕು’ ಎಂದು ಸಹೋದ್ಯೋಗಿಯೊಬ್ಬರು ಪ್ರಯೋಗದ ಜಾಲಕ್ಕೆ ಅಷ್ಟನ್ನೇ ಹಾಕಿದರು. ಯಂತ್ರಗಳು ತಮ್ಮ ವಿಳಾಸವನ್ನು ತಾವೇ ರಚಿಸಿಕೊಳ್ಳುವ ಸ್ಲಾಕ್ ವಿಧಾನಕ್ಕೆ /64 ಬೇಕೇ ಬೇಕು. ಆಂಡ್ರಾಯ್ಡ್ ಫೋನುಗಳಂತೂ ವಿಳಾಸ ಹಂಚುವ ಡಿಎಚ್‌ಸಿಪಿವಿ6 ಸೇವೆಯ ಬಳಿ ಒಂಟಿ ವಿಳಾಸ ಕೇಳುವುದೇ ಇಲ್ಲ. ಫೋನುಗಳೆಲ್ಲ ವಿಳಾಸವಿಲ್ಲದೆ ಕುಳಿತವು.

ಈ ಜಿಪುಣತನಕ್ಕೆ ಏಪಿನಿಕ್ ಪಾಠವೇ ಸರಿಯಾದ ಮದ್ದು. ಯಂತ್ರಗಳನ್ನು ಎಣಿಸುವುದನ್ನು ಬಿಟ್ಟು ಉಪಜಾಲಗಳನ್ನು ಎಣಿಸುವುದನ್ನು ಅದು ಕಲಿಸುತ್ತದೆ. ಒಂದು /48ರಲ್ಲಿ /64 ಅಳತೆಯ 65,536 ಉಪಜಾಲಗಳಿವೆ. ನಾಲ್ಕು ನಾಲ್ಕು ಬಿಟ್‌ಗಳ ಗಡಿಯಲ್ಲಿ ಕಟ್ಟಡ, ಮಹಡಿ, ವಿಭಾಗ ಎಂದು ಹಂಚಿದರೆ ವಿಳಾಸ ಕಂಡ ಕೂಡಲೇ ಜಾಗ ತಿಳಿಯುತ್ತದೆ. ಸಿಸಿಎನ್‌ಎ ಓದುವಾಗ ಸೊನ್ನೆಗಳನ್ನು ಕಳೆದು ವಿಳಾಸವನ್ನು ಚಿಕ್ಕದಾಗಿ ಬರೆಯುವುದರಲ್ಲಿ ಕೈ ಚುರುಕಾಯಿತು, ಹಂಚಿಕೆಯ ಯೋಚನೆ ಬೆಳೆಯಲಿಲ್ಲ.

ಎರಡನೆಯದು, ಜಾಲದ ತೊಂದರೆಗಳನ್ನು ತಿಳಿಸುವ ಐಸಿಎಂಪಿ ಸಂದೇಶಗಳನ್ನು ಕಣ್ಣು ಮುಚ್ಚಿ ತಡೆಯುವ ಚಟ. ಇಲ್ಲಿ ಓದಿ ತಿಳಿಯುವುದಕ್ಕೂ ಪೆಟ್ಟು ತಿಂದು ತಿಳಿಯುವುದಕ್ಕೂ ಅಜಗಜಾಂತರ. ಐಪಿವಿ6ರಲ್ಲಿ ದಾರಿಯ ನಡುವಿನ ರೂಟರ್ ಪ್ಯಾಕೆಟ್ಟನ್ನು ಒಡೆದು ಸಾಗಿಸುವುದಿಲ್ಲ. ದೊಡ್ಡದಾದರೆ ‘ಪ್ಯಾಕೆಟ್ ಟೂ ಬಿಗ್’ ಎಂಬ ಐಸಿಎಂಪಿವಿ6 ಸಂದೇಶವನ್ನು ಕಳುಹಿಸಿದವರಿಗೇ ಹಿಂದಿರುಗಿಸುತ್ತದೆ. ಈ ಸಾಲು ಏಪಿನಿಕ್ ಪಾಠದಲ್ಲಿಯೂ ಇದೆ, ಎಲ್ಲರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಲ್ಯಾಪ್‌ಟಾಪಿನೊಳಗೆ ನಾಲ್ಕು ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಪ್ರತ್ಯೇಕ ಜಾಲಗಳು) ಮಾಡಿ, ನಡುವಿನ ಕೊಂಡಿಯ ಎಂಟಿಯುವನ್ನು, ಅಂದರೆ ಅದು ಸಾಗಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು, 1400 ಬೈಟ್‌ಗೆ ಇಳಿಸಿ, ಆ ಸಂದೇಶವನ್ನು ಫೈರ್‌ವಾಲಿನಲ್ಲಿ ತಡೆದು ತೋರಿಸಿದೆ. ಪಿಂಗ್ ಲಕಲಕ ಎನ್ನುತ್ತದೆ, ಟಿಸಿಪಿ ಸಂಪರ್ಕವೂ ಆಗುತ್ತದೆ, ದೊಡ್ಡ ಪುಟ ಮಾತ್ರ ಎಷ್ಟು ಹೊತ್ತು ಕಾದರೂ ಬರುವುದಿಲ್ಲ. ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಪರದೆಯಲ್ಲಿ ಅದೇ ಪ್ಯಾಕೆಟ್ ಮತ್ತೆ ಮತ್ತೆ ಹೊರಡುವುದನ್ನು ಕಂಡವರು ಐಸಿಎಂಪಿ ತಡೆಯುವ ನಿಯಮವನ್ನು ಇನ್ನೆಂದೂ ಬರೆಯಲಾರರು.

ಹರಿಕೇನ್ ಎಲೆಕ್ಟ್ರಿಕ್ ಇದನ್ನು ಬಾಗಿಲಲ್ಲೇ ಕಲಿಸುತ್ತದೆ. ಪರೀಕ್ಷೆಗೆ ಐಪಿವಿ6 ಬೇಕು. ಇಲ್ಲದವರಿಗೆ ಐಪಿವಿ4 ಜಾಲದ ಮೂಲಕವೇ ಐಪಿವಿ6 ಸಾಗಿಸುವ ಉಚಿತ ಸುರಂಗವನ್ನು ಅವರೇ ಕೊಡುತ್ತಾರೆ. ಆದರೆ ನಿಮ್ಮ ಐಪಿವಿ4 ವಿಳಾಸ ಅವರ ಪಿಂಗ್‌ಗೆ ಉತ್ತರಿಸದಿದ್ದರೆ ಸುರಂಗ ತೆರೆಯುವುದಿಲ್ಲ. ಅಲ್ಲಿಂದ ಮುಂದೆ ಬಾಯಿಪಾಠ ನಡೆಯದು. ಐಪಿವಿ6ರಲ್ಲಿ ಸಿಗುವ ಜಾಲತಾಣ, ಮಿಂಚಂಚೆ ಸರ್ವರ್, ಅದರ ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ತಿಳಿಸುವ ದಾಖಲೆ), ಕೊನೆಗೆ ಡೊಮೈನಿನ ಗ್ಲೂ ದಾಖಲೆ (ಅದರ ನೇಮ್ ಸರ್ವರಿನ ವಿಳಾಸವನ್ನು ಮೇಲಿನ ಹಂತದಲ್ಲಿ ಬರೆದಿಡುವುದು), ಒಂದೊಂದನ್ನೂ ನಿಜವಾಗಿ ನಡೆಸಿ ತೋರಿಸಿದರೆ ಮಾತ್ರ ಮೇಲಿನ ಹಂತ. ತುದಿಯ ಹಂತದ ಹೆಸರು ‘ಸೇಜ್’. ಅದನ್ನು ಮುಟ್ಟಿದವರಿಗೆ ಟೀ ಶರ್ಟ್ ಕಳುಹಿಸುವ ಪದ್ಧತಿ. ಟೀ ಶರ್ಟಿಗಾಗಿ ಹಿರಿಯ ಎಂಜಿನಿಯರುಗಳು ರಾತ್ರಿ ಕುಳಿತದ್ದನ್ನು ಕಂಡು ನನಗೆ ನಗು ಬಂತು. ಮೆಚ್ಚುಗೆಯೂ ಆಯಿತು.

ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಅಡಗಿಸುವ ನ್ಯಾಟ್ ಮೇಲಿನ ಮೋಹ ಮೂರನೆಯದು. ‘ನ್ಯಾಟ್ ಹೋದರೆ ರಕ್ಷಣೆ ಯಾರು ಕೊಡುತ್ತಾರೆ’ ಎಂಬ ಪ್ರಶ್ನೆಗೆ ಪಾಠಗಳು ಕೊಡುವ ಉತ್ತರ ಸರಿಯೇ: ಸಂಪರ್ಕದ ಸ್ಥಿತಿ ನೋಡಿ ತಡೆಯುವ ಫೈರ್‌ವಾಲ್. ನಂಬಿಕೆ ಹುಟ್ಟಿದ್ದು ಮಾತ್ರ ಪ್ರಯೋಗಾಲಯದಲ್ಲಿ ಹೊರಗಿನಿಂದ ಪೋರ್ಟ್ ಸ್ಕ್ಯಾನ್ ಮಾಡಿ ಏನೂ ತೆರೆದಿಲ್ಲವೆಂದು ಕಂಡ ಮೇಲೆ. ಮುಂದೆ ಜೂಲ್ ತಂತ್ರಾಂಶದಿಂದ ಐಪಿವಿ6ರಿಂದ ಐಪಿವಿ4 ತಾಣಗಳಿಗೆ ದಾರಿ ಮಾಡುವ ನ್ಯಾಟ್64, ಜೊತೆಗೆ ಆ ತಾಣಗಳ ಹೆಸರಿಗೆ ಐಪಿವಿ6 ವಿಳಾಸ ಕೊಡುವ ಡಿಎನ್‌ಎಸ್64 ಹಾಕಿ, ಒಂದು ವೈಫೈಯನ್ನು ಐಪಿವಿ6ಕ್ಕೆ ಮಾತ್ರ ಬಿಟ್ಟೆವು. ಹೆಸರಿನಿಂದ ಹೋಗುವುದೆಲ್ಲ ನಡೆಯಿತು. ಐಪಿವಿ4 ವಿಳಾಸವನ್ನೇ ಒಳಗೆ ಬರೆದಿಟ್ಟಿದ್ದ ಹಳೆಯ ಬಿಲ್ಲಿಂಗ್ ತಂತ್ರಾಂಶ ಮಕಾಡೆ ಮಲಗಿತು. ಡಿಎನ್‌ಎಸ್ ಕೇಳದವರಿಗೆ ಡಿಎನ್‌ಎಸ್64 ನೆರವಾಗದು. ಇಂಥ ತಂತ್ರಾಂಶಗಳ ಪಟ್ಟಿ ಯಾವ ಪಠ್ಯದಲ್ಲೂ ಸಿಗುವುದಿಲ್ಲ, ಪ್ರತಿ ಕಚೇರಿಯದೂ ಬೇರೆ.

ಸಿಸಿಎನ್‌ಎಯನ್ನು ತೆಗಳುತ್ತಿಲ್ಲ. ಕೆಲಸ ಹುಡುಕುವವರಿಗೆ ಅದಕ್ಕಿರುವ ಬೆಲೆ ಉಳಿದ ಮೂರಕ್ಕಿಲ್ಲ. ಆದರೆ ಅದರ 200-301 ಪರೀಕ್ಷೆಯಲ್ಲಿ ಐಪಿವಿ6ಕ್ಕೆ ಸಿಕ್ಕಿರುವುದು ವಿಳಾಸ ಮತ್ತು ಸ್ಥಿರ ಮಾರ್ಗಗಳಷ್ಟೇ. ರೂಟರುಗಳು ದಾರಿ ಕಂಡುಕೊಳ್ಳುವ ಒಎಸ್‌ಪಿಎಫ್ ವಿಧಾನ ಬಂದರೂ ಐಪಿವಿ4ರ ಎರಡನೇ ಆವೃತ್ತಿಯೇ ಬರುತ್ತದೆ. ಬದಲಾವಣೆಗೆಂದೇ ಕಂಪನಿಯ ಹಣದಲ್ಲಿ ಎಲ್ಲರನ್ನೂ ಅದಕ್ಕೆ ಕೂರಿಸುವುದು ದಂಡ.

ನಮ್ಮ ತಂಡದಲ್ಲಿ ಈಗ ಹರಿಕೇನ್ ಎಲೆಕ್ಟ್ರಿಕ್ ಮೊದಲು, ವಿಳಾಸ ಯೋಜನೆ ಮಾಡುವವರಿಗೆ ಏಪಿನಿಕ್, ಆಮೇಲೆ ಎಲ್ಲರಿಗೂ ಪ್ರಯೋಗಾಲಯ. ಒಂದು ತೊಡಕು ಹೇಳಿಬಿಡುತ್ತೇನೆ: ಮನೆಯ ಬ್ರಾಡ್‌ಬ್ಯಾಂಡ್ ಅನೇಕ ಕಡೆ ಕಂಪನಿಯ ದೊಡ್ಡ ನ್ಯಾಟ್‌ನ ಹಿಂದಿರುತ್ತದೆ, ಅಲ್ಲಿಂದ ಆ ಸುರಂಗ ಕಟ್ಟಲಾಗದು. ಸಾರ್ವಜನಿಕ ವಿಳಾಸವಿರುವ ಚಿಕ್ಕ ವರ್ಚುವಲ್ ಸರ್ವರ್ ಒಂದನ್ನು ತಿಂಗಳ ಬಾಡಿಗೆಗೆ ಹಿಡಿಯಿರಿ. ಡೊಮೈನ್ ಹೆಸರಿನ ಖರ್ಚು ಬೇರೆ. ಡೊಮೈನ್ ಕೊಳ್ಳುವ ಮುನ್ನ ಆ ಮಾರಾಟಗಾರರು ಐಪಿವಿ6 ಗ್ಲೂ ದಾಖಲೆ ಸೇರಿಸಲು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಕೊನೆಯ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.